ನೀರುಗಂಟಿಯ ಆರ್ಕಿಡ್

ನನ್ನ ಭಾವನ ಬಗ್ಗೆ ನಮ್ಮ ನೆಂಟರಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು ಹೇಳುತ್ತಾರೆ: ಹೆಂಡತಿಗೆ ನೀರು ಕುಡಿಸಿ ಕೊಂದ ಪುಣ್ಯಾತ್ಮ. ಈ ಮಾತು ಬಂದಾಗಲೆಲ್ಲ ನಾನು ಸೂಜಿಗೆ ದಾರ ಪೋಣಿಸುವವಳಂತೆ ತಲೆ ತಗ್ಗಿಸಿಬಿಡುತ್ತಿದ್ದೆ. ಬಟ್ಟೆ ಹೊಲಿದು ಬದುಕುವವಳು ನಾನು, ತಲೆ ತಗ್ಗಿಸಲು ನೆಪ ಹುಡುಕಬೇಕಾಗಿಲ್ಲ. ನನ್ನ ನಾಲಿಗೆ ಎಷ್ಟು ಉದ್ದವೆಂದು ಇಡೀ ಬೀದಿಗೆ ಗೊತ್ತು. ಆ ಒಂದು ವಿಷಯದಲ್ಲಿ ಮಾತ್ರ ಅದು ಒಂಬತ್ತು ತಿಂಗಳು ಅಲ್ಲಾಡಲಿಲ್ಲ.

ಭಾವ ನೀರುಗಂಟಿ. ಬೀದಿಯ ಕಬ್ಬಿಣದ ಮುಚ್ಚಳ ಎತ್ತಿ, ಎದೆಯೆತ್ತರದ ಕೀಲಿಯನ್ನು ಗುಂಡಿಯೊಳಗೆ ಇಳಿಸಿ, ಎರಡೂ ಕೈಯಿಂದ ತಿರುಗಿಸಿ ಮನೆಮನೆಗೆ ನೀರು ಬಿಡುವುದು ಅವರ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದವರು. ಕೀಲಿಯ ತುದಿಗೆ ಕಿವಿ ಇಟ್ಟು, ಒಳಗೆ ನೀರು ಜೋರಾಗಿ ಹೋಗುತ್ತಿದೆಯೋ, ಎಲ್ಲಾದರೂ ಸೋರುತ್ತಿದೆಯೋ ಹೇಳುತ್ತಿದ್ದರು. ಒಂದೇ ಒಂದು ದುರ್ಗುಣವೆಂದರೆ, ಯಾರಾದರೂ ಬಾಗಿಲಲ್ಲಿ ನಿಂತು, "ಇನ್ನೊಂದು ಹತ್ತು ನಿಮಿಷ ಬಿಡಿ, ನಮ್ಮ ಟ್ಯಾಂಕ್ ತುಂಬಿಲ್ಲ" ಎಂದರೆ ಸಾಕು, ಕೀಲಿ ತಿರುಗಿಸಿ ನೀರು ನಿಲ್ಲಿಸಲು ಅವರಿಗೆ ಕೈ ಬರುತ್ತಿರಲಿಲ್ಲ. ಮೇಲಿನವರಿಂದ ಎಷ್ಟು ಸಲ ಬೈಸಿಕೊಂಡರೋ ಲೆಕ್ಕವಿಲ್ಲ. ನೀರು ಕೇಳಿದವರಿಗೆ ಇಲ್ಲ ಎನ್ನುವುದು ಅವರ ಜಾಯಮಾನದಲ್ಲೇ ಇರಲಿಲ್ಲ.

ಅಂಥವರ ಹೆಂಡತಿಗೆ, ಅಂದರೆ ನನ್ನ ಅಕ್ಕನಿಗೆ, ಎರಡೂ ಮೂತ್ರಪಿಂಡ ಕೈಕೊಟ್ಟವು. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ಕುಡಿದ ನೀರು ಹೊರಗೆ ಹೋಗುವ ದಾರಿ ಇಲ್ಲದ್ದರಿಂದ ಅದು ಮೈಯಲ್ಲೇ ನಿಂತು, ಕೊನೆಗೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಟೀ, ಹಾಲು, ಮಾತ್ರೆ ನುಂಗುವ ಗುಟುಕು ಎಲ್ಲ ಸೇರಿ ದಿನಕ್ಕೆ ಮುಕ್ಕಾಲು ಲೀಟರ್ ಮೀರಬಾರದು ಎಂದು ಡಾಕ್ಟರು ಹೇಳಿದರು. ಶುಕ್ರವಾರದಿಂದ ಸೋಮವಾರದವರೆಗೆ ನಡುವೆ ಎರಡು ದಿನ ಬಿಡುವು ಇರುವುದರಿಂದ ಶನಿವಾರ, ಭಾನುವಾರ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಿ ಎಂದೂ ಹೇಳಿದರು.

ಭಾವ ಒಂದು ಬಾಟಲಿಗೆ ಮಾರ್ಕರಿನಿಂದ ಗೆರೆ ಎಳೆದರು. ಬೆಳಿಗ್ಗೆಗೆ ಇಷ್ಟು, ಮಧ್ಯಾಹ್ನಕ್ಕೆ ಇಷ್ಟು, ಸಂಜೆಗೆ ಇಷ್ಟು. ಆದರೆ ಗೆರೆ ಎಳೆದ ಕೈಯೇ ಗೆರೆ ದಾಟುತ್ತಿತ್ತು. ಅಕ್ಕ, "ರೀ, ಒಂದು ಗುಟುಕು" ಎಂದರೆ ಇವರು ಎರಡು ಗುಟುಕು ಕೊಡುವರು. ಮೊದಲ ವರ್ಷದಲ್ಲೇ ಎರಡು ಸಲ ಅವಳನ್ನು ಉಸಿರು ಸಿಕ್ಕದ ಸ್ಥಿತಿಯಲ್ಲಿ ಎತ್ತಿಕೊಂಡು ಓಡಿದ್ದಾಯಿತು. ಎರಡನೇ ಸಲ ಡಾಕ್ಟರು ಇವರನ್ನು ಹೊರಗೆ ಕರೆದು, "ಹೃದಯ ದುರ್ಬಲ ಆಗಿದೆ. ಮೂರನೇ ಸಲ ನನ್ನ ಹತ್ರ ಕರ್ಕೊಂಡು ಬಂದ್ರೆ ನಾನೇನೂ ಮಾಡೋಕಾಗಲ್ಲ" ಎಂದರಂತೆ.

ಆರ್ಕಿಡ್ ಬಂದದ್ದು ಆ ದಿನಗಳಲ್ಲೇ. ಡಯಾಲಿಸಿಸ್ ವಿಭಾಗದ ಮುಂದಿನ ಮೇಜಿನ ಮೇಲೆ ಇದ್ದ ಗಿಡ ಅದು. ಹೂವೆಲ್ಲ ಉದುರಿ ನಾಲ್ಕು ದಪ್ಪ ಎಲೆ ಉಳಿದಾಗ ಕಸಗುಡಿಸುವವಳು ಅದನ್ನು ಬುಟ್ಟಿಗೆ ಹಾಕುತ್ತಿದ್ದಳು. ಭಾವ ಕೇಳಿ ತಂದರು. ಜೀವಮಾನದಲ್ಲಿ ಒಂದು ತುಳಸಿಗಿಡ ಬೆಳೆಸಿದವರಲ್ಲ.

"ಇದೇನ್ರೀ, ಆಸ್ಪತ್ರೆಯಿಂದ ಎಲ್ರೂ ಔಷಧಿ ತರ್ತಾರೆ, ನೀವು ಇನ್ನೊಂದು ಪೇಷೆಂಟ್ ತಂದ್ರಾ?" ಎಂದಳು ಅಕ್ಕ.

"ಜೀವ ಇದೆ ಕಣೆ. ಪಾಪ, ಯಾರೋ ಮಣ್ಣನ್ನೇ ಹಾಕಿಲ್ಲ ನೋಡು. ಬರೀ ಮರದ ಚೂರಲ್ಲಿ ನಿಲ್ಲಿಸಿದಾರೆ."

ಅಷ್ಟು ಹೇಳಿ ಅದನ್ನು ಕಿತ್ತು, ಒಳ್ಳೆ ಕಪ್ಪು ಮಣ್ಣು ತುಂಬಿದ ಕುಂಡದಲ್ಲಿ ನೆಟ್ಟು, ಕೆಳಗೊಂದು ತಟ್ಟೆ ಇಟ್ಟು ನೀರು ತುಂಬಿಸಿದರು. ಬೀದಿಗೆ ಎರಡು ದಿನಕ್ಕೊಮ್ಮೆ ನೀರು, ಈ ಗಿಡಕ್ಕೆ ದಿನಕ್ಕೆರಡು ಸಲ. ಮನೆಯಲ್ಲಿ ಒಬ್ಬಳಿಗೆ ಕೊಡಲಾಗದ್ದನ್ನೆಲ್ಲ ಅದಕ್ಕೆ ಕೊಡುತ್ತಿದ್ದರೆಂದು ಈಗ ಅನ್ನಿಸುತ್ತದೆ. ಮೂರು ವಾರದಲ್ಲಿ ಎಲೆಗಳು ಹಳೇ ಚರ್ಮದ ಚೀಲದಂತೆ ಸುಕ್ಕಾಗಿ ಜೋತುಬಿದ್ದವು. ಬಾಯಾರಿರಬೇಕು ಎಂದುಕೊಂಡು ಇವರು ಇನ್ನೊಂದು ಚೆಂಬು ಹಾಕಿದರು. ಒಂದೆಲೆ ಹಳದಿಯಾಗಿ ಕೈಗೇ ಬಂತು.

ಕುಂಡ ಹೊತ್ತುಕೊಂಡು ಹೂವಿನಂಗಡಿಯವನ ಹತ್ತಿರ ಹೋದಾಗ ನಾನೂ ಜೊತೆಗಿದ್ದೆ. ಅವನು ಗಿಡವನ್ನು ಮಣ್ಣಿನಿಂದ ಎಳೆದು ಮೂಗು ಮುಚ್ಚಿಕೊಂಡ. ಬೇರುಗಳೆಲ್ಲ ಕಂದಾಗಿ ಲೋಳೆಲೋಳೆಯಾಗಿದ್ದವು; ಹಿಸುಕಿದರೆ ಸಿಪ್ಪೆ ಕಳಚಿ ಒಳಗಿನ ದಾರ ಉಳಿಯುತ್ತಿತ್ತು.

"ನೀರು ಹಾಕಿ ಹಾಕಿಯೇ ಬಾಯಾರಿಸಿ ಸಾಯಿಸ್ತಾ ಇದೀರಲ್ರೀ ಇದನ್ನ!" ಎಂದ ಅವನು. "ಬೇರು ಕೊಳೆತ ಮೇಲೆ ಅದು ಕುಡಿಯೋದು ಎಲ್ಲಿಂದ? ಇದು ಮರದ ಮೇಲೆ ಗಾಳಿಗೆ ಬೇರು ಬಿಟ್ಕೊಂಡು ಬದುಕೋ ಗಿಡ. ಮಣ್ಣಲ್ಲಿ ಹೂತುಬಿಟ್ರೆ ಉಸಿರಾಡೋದು ಹೇಗೆ?"

ಉಸಿರಾಡುವ ಮಾತು ಬಂದದ್ದೇ ತಡ, ಭಾವನ ಮುಖ ಬಿಳಿಚಿಕೊಂಡಿತು. ಅಂಗಡಿಯವನು ಕೊಳೆತ ಬೇರನ್ನೆಲ್ಲ ಕತ್ತರಿಸಿದ. ಗಟ್ಟಿಯಾಗಿ ಉಳಿದದ್ದು ಮೂರು. ಕತ್ತರಿಸಿದ ಜಾಗಕ್ಕೆ ಚಕ್ಕೆ ಪುಡಿ ಹಚ್ಚಿ, ತೊಗಟೆ ಚೂರು, ಇದ್ದಿಲು ಹಾಕಿ, ತೂತುಗಳಿರುವ ಪಾರದರ್ಶಕ ಪ್ಲಾಸ್ಟಿಕ್ ಕುಂಡದಲ್ಲಿ ಕೂರಿಸಿಕೊಟ್ಟ. ಬೇರು ಬೆಳ್ಳಗಾದರೆ ಮಾತ್ರ ಹತ್ತು ನಿಮಿಷ ನೀರಲ್ಲಿಟ್ಟು ಪೂರ್ತಿ ಬಸಿಯಬೇಕು, ಹಸಿರಾಗಿದ್ದರೆ ಮುಟ್ಟಬಾರದು, ಎಲೆಗಳ ನಡುವೆ ಒಂದು ಹನಿಯೂ ನಿಲ್ಲಬಾರದು.

"ಅದರ ಮುಖ ನೋಡಿ ಅಯ್ಯೋ ಅನ್ನಬೇಡಿ. ಕೈ ಕಟ್ಕೊಂಡು ಕೂತ್ಕೊಳ್ಳಿ, ಅಷ್ಟೇ."

ಭಾವ ಮನೆಗೆ ಬಂದವರೇ ಗಿಡವನ್ನು ಪೂರ್ವದ ಕಿಟಕಿಯಲ್ಲಿಟ್ಟರು. ಆಮೇಲೆ ಅಡುಗೆಮನೆ, ಬಚ್ಚಲುಮನೆ ಎರಡೂ ಕಡೆ ನಲ್ಲಿಯ ಹಿಡಿ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಉಳಿದದ್ದು ಬೋಳು ಕಡ್ಡಿ ಮಾತ್ರ. ಬೆರಳಿನಿಂದ ಎಷ್ಟು ತಿರುಚಿದರೂ ಅದು ಜಗ್ಗುತ್ತಿರಲಿಲ್ಲ. ತಾವು ಮನೆಯಲ್ಲಿದ್ದಾಗ ಹಿಡಿ ಹಾಕಿ ಬೇಕಾದಷ್ಟು ಹಿಡಿದು ಮತ್ತೆ ಬಿಚ್ಚುವರು.

ಅಲ್ಲಿಂದ ಏಳು ತಿಂಗಳು ಅವರು ಬೇರೆಯೇ ಮನುಷ್ಯ. ಬೆಳಿಗ್ಗೆ ಅಕ್ಕನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುವುದು, ಕ್ಯಾಲೆಂಡರಿನ ಮೇಲೆ ಬರೆಯುವುದು, ಆಮೇಲೆ ಕಿಟಕಿಗೆ ಹೋಗಿ ಬೇರಿನ ಬಣ್ಣ ನೋಡುವುದು. ಅಕ್ಕ ಅತ್ತರೂ ಇಲ್ಲ, ಬೈದರೂ ಇಲ್ಲ. ಗೆರೆಯೆಂದರೆ ಗೆರೆ. ಗಿಡ ಚಿಗುರಿತು, ಅಕ್ಕ ಒಂದು ಸಲವೂ ಆಸ್ಪತ್ರೆ ಸೇರಲಿಲ್ಲ. ಆದರೆ ಅವಳ ನಾಲಿಗೆ ಸೀಳುಬಿಟ್ಟಿತ್ತು.

"ನಮ್ಮಿಬ್ಬರಿಗೂ ಒಬ್ಬನೇ ಡಾಕ್ಟರ್ ಕಣೇ," ಎಂದಳು ನನಗೊಮ್ಮೆ, ಗಿಡ ತೋರಿಸಿ. "ಅದಕ್ಕೆ ವಾರಕ್ಕೊಂದು ಸಲ ಕಂಠದವರೆಗೆ ಮುಳುಗೋ ಭಾಗ್ಯ ಆದ್ರೂ ಇದೆ. ನನಗೆ ಅದೂ ಇಲ್ಲ."

ಅವಳು ನಕ್ಕಳು. ನನ್ನ ಪಿತ್ತ ನೆತ್ತಿಗೇರಿತು. ಭಾವ ಬಂದ ಕೂಡಲೇ ಜಗಳಕ್ಕೆ ನಿಂತೆ.

"ಊರಿಗೆಲ್ಲ ನೀರು ಬಿಡ್ತೀರಿ, ಕಟ್ಟಿಕೊಂಡವಳಿಗೆ ನಲ್ಲಿಗೇ ಬೀಗ ಹಾಕ್ತೀರಿ. ನಿಮಗೆ ಕರುಳು ಅನ್ನೋದು ಇದೆಯಾ ಭಾವ?"

ಅವರು ಜೇಬಿನಲ್ಲಿದ್ದ ನಲ್ಲಿ ಹಿಡಿಯನ್ನು ಹೊರಗಿನಿಂದಲೇ ಮುಟ್ಟಿ ನೋಡಿಕೊಂಡರು.

ಅದಾಗಿ ಹತ್ತು ದಿನಕ್ಕೆ, ಒಂದು ಭಾನುವಾರ, ದೊಡ್ಡ ಪೈಪು ಒಡೆದು ಭಾವನಿಗೆ ಕರೆ ಬಂತು. ಬಿಸಿಲು ಸುಡುತ್ತಿತ್ತು. ನನ್ನನ್ನು ಅಕ್ಕನ ಹತ್ತಿರ ಕೂರಿಸಿ, ಬಾಟಲಿ ತೋರಿಸಿ, "ಸಂಜೆವರೆಗೆ ಇಷ್ಟೇ. ನಾಳೆ ಡಯಾಲಿಸಿಸ್ ಇದೆ, ಒಂದು ದಿನ ತಡ್ಕೊಂಡ್ರೆ ಸಾಕು. ನಿನ್ನ ನಂಬಿ ಹೋಗ್ತಿದೀನಿ ಕಣಮ್ಮಾ" ಎಂದು ಹೋದರು.

ಮಧ್ಯಾಹ್ನ ಅಕ್ಕ ನನ್ನ ಸೆರಗು ಹಿಡಿದಳು. "ಒಂದು ಲೋಟ. ಬಾಟಲಿ ಗುಟುಕಲ್ಲ, ಒಂದು ತುಂಬಿದ ಲೋಟ. ಅಮ್ಮ ಇದ್ದಿದ್ರೆ ಕೊಡ್ತಿರಲಿಲ್ವೇನೇ?"

ಅಮ್ಮನ ಹೆಸರು ತೆಗೆದಮೇಲೆ ನನ್ನ ಬುದ್ಧಿ ಎಲ್ಲಿ ನಿಲ್ಲುತ್ತದೆ? ಆದರೂ ಸುಳ್ಳು ಹೇಳಲಾರೆ, ಅದು ಬರೀ ಕನಿಕರವಲ್ಲ. ಭಾವನಿಗೆ ಬುದ್ಧಿ ಕಲಿಸುವ ಹಟವೂ ಇತ್ತು. ಎರಡು ಬೀದಿ ಆಚೆಯ ನನ್ನ ಮನೆಗೆ ಹೋಗಿ, ಹೊಲಿಗೆ ಯಂತ್ರದ ಪೆಟ್ಟಿಗೆಯಿಂದ ಇಕ್ಕಳ ತಂದೆ. ಹೋಗುವಾಗ ಹತ್ತು ನಿಮಿಷ, ಬರುವಾಗ ಹತ್ತು ನಿಮಿಷ. ಯೋಚಿಸಲು ಸಮಯ ಬೇಕಾದಷ್ಟಿತ್ತು. ಅಡುಗೆಮನೆಯ ನಲ್ಲಿಯ ಬೋಳು ಕಡ್ಡಿಯನ್ನು ಇಕ್ಕಳದಿಂದ ಹಿಡಿದು ತಿರುಗಿಸಿದೆ. ನೀರು ಬಂತು.

ಮೊದಲ ಲೋಟವನ್ನು ಅವಳು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಉಸಿರು ಬಿಡದೆ ಕುಡಿದಳು. ಗಲ್ಲದ ಮೇಲೆ ಇಳಿದದ್ದನ್ನು ಬೆರಳಿನಿಂದ ಒರೆಸಿ ಅದನ್ನೂ ನೆಕ್ಕಿದಳು. ಸಂಜೆಯೊಳಗೆ ಐದು ಲೋಟ ಆಯಿತು. "ನಿಮ್ಮ ಭಾವಂಗೆ ಹೇಳಬೇಡ" ಎಂದಳು. ಲೋಟ ತೊಳೆದು ಒರೆಸಿಟ್ಟೆ, ಇಕ್ಕಳ ಚೀಲಕ್ಕೆ ಹಾಕಿಕೊಂಡೆ. ಬಾಟಲಿಯ ನೀರು ಮಾತ್ರ ಭಾವ ಹೇಳಿದ ಗೆರೆಯಲ್ಲೇ ನಿಂತಿತ್ತು. ರಾತ್ರಿ ಭಾವ ಬಂದ ಮೇಲೆ ನಾನು ಹೆಮ್ಮೆಯಿಂದ ಮನೆಗೆ ಹೋಗಿ ಮಲಗಿದೆ. ಅದನ್ನು ನೆನೆದರೆ ಈಗಲೂ ನನ್ನನ್ನು ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಸೋಮವಾರ ಬೆಳಿಗ್ಗೆ ಆರಕ್ಕೆ ಭಾವನ ಫೋನ್. ನಾನು ಹೋಗುವಷ್ಟರಲ್ಲಿ ಅಕ್ಕ ಮಂಚದ ಅಂಚಿನಲ್ಲಿ ಕೂತು, ಮಲಗಲೂ ಆಗದೆ, ಮಾತೂ ಆಡಲಾಗದೆ, ಬಾಯಲ್ಲಿ ಉಸಿರೆಳೆಯುತ್ತಿದ್ದಳು. ಗಂಟಲಲ್ಲಿ ಗೊರಗೊರ ಸದ್ದು. ಆಸ್ಪತ್ರೆಯ ಮೆಟ್ಟಿಲ ಹತ್ತಿರ ಅವಳ ತುಟಿಯ ಮೇಲೆ ನೊರೆ ಬಂತು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು.

ಡಾಕ್ಟರು ಹೊರಗೆ ಬಂದು ಸಿಟ್ಟಿನಲ್ಲೇ ಕೇಳಿದರು: "ಇಷ್ಟು ನೀರು ಕೊಟ್ಟದ್ದು ಯಾರು?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಭಾವ ಹೇಳಿದರು: "ನಾನೇ ಸಾರ್. ಕೇಳಿದ್ಳು, ಕೊಟ್ಟೆ."

ನಾನು ಬಾಯಿ ಮುಚ್ಚಿಕೊಂಡೆ. ಹಿಂದೆ ಎರಡು ಸಲ ಹಾಗೇ ಆಗಿತ್ತಾದ್ದರಿಂದ ಎಲ್ಲರೂ ನಂಬಿದರು. ನಮ್ಮಣ್ಣ ಆಸ್ಪತ್ರೆಯ ಬಾಗಿಲಲ್ಲೇ ಅವರ ಅಂಗಿ ಹಿಡಿದು, "ಬೀದಿಗೆ ಬಿಟ್ಟ ಹಾಗೆ ಅವಳಿಗೂ ಬಿಟ್ಯಲ್ಲೋ" ಎಂದು ಕಿರುಚಿದ. ಭಾವ ಕೈ ಎತ್ತಲಿಲ್ಲ, ಸೊಲ್ಲೆತ್ತಲಿಲ್ಲ. ಆಮೇಲೆ ನಮ್ಮ ಕಡೆಯವರು ಯಾರೂ ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

ಒಂಬತ್ತು ತಿಂಗಳಾದ ಮೇಲೆ ಅಣ್ಣ ನನ್ನ ಅಂಗಡಿಗೆ ಬಂದು ಹೇಳಿದ: "ಕಿಟಕೀಲಿ ಹೂ ಬಿಟ್ಟಿದೆಯಂತೆ, ಬೀದಿಯವರೆಲ್ಲ ನಿಂತು ನೋಡ್ತಾರಂತೆ. ಹೆಂಡತೀನ ಕೊಂದು ಹೂ ಬೆಳೀತಾ ಕೂತಿದಾನೆ, ನಾಚಿಕೆಗೆಟ್ಟವನು." ನಾನು ಹೊಲಿಯುತ್ತಿದ್ದ ಅಂಗಿಯ ತೋಳನ್ನು ತಲೆಕೆಳಗಾಗಿ ಹೊಲಿದುಬಿಟ್ಟಿದ್ದೆ. ಅದನ್ನು ಹಾಗೇ ಬಿಟ್ಟು ಎದ್ದೆ.

ಭಾವ ಅಡುಗೆಮನೆಯಲ್ಲಿದ್ದರು, ಆರ್ಕಿಡ್ ಕುಂಡವನ್ನು ಬಕೆಟ್ಟಿನಲ್ಲಿಟ್ಟು ಗಡಿಯಾರ ನೋಡುತ್ತಾ. ಬಾಗಿದ ದಂಟಿನಲ್ಲಿ ಆರು ಬಿಳಿ ಹೂವು. ನನ್ನನ್ನು ನೋಡಿ ಸ್ಟೂಲು ಎಳೆದುಕೊಟ್ಟರು. ನಾನು ಕೂರಲಿಲ್ಲ.

"ಭಾವ, ಅವತ್ತು ನೀರು ಕೊಟ್ಟವಳು ನಾನು."

"ಗೊತ್ತು," ಎಂದರು, ಗಡಿಯಾರದಿಂದ ಕಣ್ಣು ತೆಗೆಯದೆ. "ಆ ಬೆಳಿಗ್ಗೆ ನಿಮ್ಮಕ್ಕನ್ನ ಎಬ್ಬಿಸಿ ಕೂರಿಸಿ, ತುಟಿಗೆ ನೀರು ಮುಟ್ಟಿಸೋಣ ಅಂತ ಇಲ್ಲಿಗೆ ಬಂದೆ. ನಲ್ಲಿ ಕಡ್ಡಿ ಮೇಲೆ ಇಕ್ಕಳದ ಹಲ್ಲು ಕೂತಿತ್ತು. ನಲ್ಲಿ ನೋಡೋದೇ ನನ್ನ ಕೆಲಸ ಅಲ್ವೇನಮ್ಮಾ."

ನಲ್ಲಿಗೆ ಈಗ ಹಿಡಿ ಹಾಕಿತ್ತು. ನಾನು ಅಳಲು ಶುರು ಮಾಡಿದೆ. "ಮತ್ತೆ ಯಾಕೆ ನಿಮ್ಮ ಮೇಲೆ ಹಾಕ್ಕೊಂಡ್ರಿ? ನನ್ನ ಉಳಿಸೋಕಾ?"

ಅವರು ಕುಂಡವನ್ನು ಬಕೆಟ್ಟಿನಿಂದ ಎತ್ತಿ ಬಸಿಯಲು ಹಿಡಿದರು. ಹಸಿರಾದ ಬೇರುಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

"ಎಷ್ಟು ಲೋಟ ಕುಡಿದ್ಳು?"

"ಐದು."

"ತುಂಬಿದ ಲೋಟಾನಾ?"

"ತುಂಬಿದ್ದೇ."

"ತಣ್ಣಗಿತ್ತಾ?"

"ತಣ್ಣಗಿತ್ತು ಭಾವ. ಕಣ್ಣು ಮುಚ್ಕೊಂಡು ಕುಡಿದ್ಳು."

ಅವರು ತಲೆಯಾಡಿಸಿದರು. ಎಲೆಗಳ ನಡುವೆ ನಿಂತಿದ್ದ ಒಂದು ಹನಿಯನ್ನು ಬಟ್ಟೆಯ ತುದಿಯಿಂದ ಒತ್ತಿ ತೆಗೆದರು.

"ಏಳು ತಿಂಗಳು ಅವಳ ಕೈಗೆ ಒಂದು ತುಂಬಿದ ಲೋಟ ಕೊಟ್ಟಿರಲಿಲ್ಲ ನಾನು," ಎಂದರು. "ಡಾಕ್ಟರು ಕೇಳಿದಾಗ, ನಾನೇ ಕೊಟ್ಟೆ ಅಂತ ಒಂದ್ಸಲನಾದ್ರೂ ಹೇಳ್ಕೋಬೇಕು ಅನ್ನಿಸ್ತು."