ಉಪ್ಪಿಲ್ಲದ ನುಚ್ಚು

ಇಂಥ ಕಥೆ ಹೇಳುವವರನ್ನು ನಾನು ಬಹಳ ಗೇಲಿ ಮಾಡಿದ್ದೇನೆ. ಸಾಲೆಯಲ್ಲಿ ವಿಜ್ಞಾನ ಕಲಿಸುವವನಿಗೆ ಅಷ್ಟು ಸೊಕ್ಕು ಇದ್ದದ್ದೇ. ಈಗ ನೀವು ನನ್ನನ್ನು ಗೇಲಿ ಮಾಡಿದರೂ ಬೇಸರವಿಲ್ಲ.

ಊರಿಗೆ ಮೊಬೈಲು ಆಗಷ್ಟೇ ಬರುತ್ತಿದ್ದ ಕಾಲ. ಅಪ್ಪನ ಗಂಟಲ ಕ್ಯಾನ್ಸರಿಗೆ ಹುಬ್ಬಳ್ಳಿಯಲ್ಲಿ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಿದ್ದೆವು. ರೋಗ ಹೋಯಿತು, ಆದರೆ ಸುಟ್ಟ ಜಾಗ ಮಾಯುತ್ತ ಮಾಯುತ್ತ ಅನ್ನನಾಳವೇ ಕಿರಿದಾಯಿತು. ಎರಡು ಸಲ ಹಿಗ್ಗಿಸಿದರೂ ಮತ್ತೆ ಕಟ್ಟಿಕೊಂಡಿತು. ಒಂದೇ ಹೊತ್ತಿಗೆ ಮೂರು ರೊಟ್ಟಿ ಮುರಿಯುತ್ತಿದ್ದ ಮನುಷ್ಯ ಕಡೆಗೆ ತನ್ನ ಉಗುಳನ್ನೂ ನುಂಗಲಾರದಾದ. ಸ್ಟೆಂಟ್ ಎಂಬ ತಂತಿಯ ಬಲೆಯಂಥ ಕೊಳವೆ ಕೂರಿಸಿ ದಾರಿ ತೆರೆದಿಡೋಣ ಎಂದರು ಡಾಕ್ಟರು. ಅದೂ ಆಗದಿದ್ದರೆ ಹೊಟ್ಟೆಗೇ ನಳಿಕೆ, ಬಾಯಿಂದ ಊಟ ಮುಗಿದಂತೆ.

ಸ್ಟೆಂಟ್ ಕೂರಿಸುವ ದಿನ ಅವ್ವ ನಮ್ಮೂರು ಜಕ್ಕಲಿಯಲ್ಲೇ ಉಳಿದಳು. ಪರಊರಿಗೆ ಹೋದವರ ಪಾಲಿನ ಅಡಿಗೆಯನ್ನೂ ಮಾಡಿ ಮುಚ್ಚಿಡುವುದು ನಮ್ಮ ಮನೆಯ ವಾಡಿಕೆ. ಒಲೆ ಅವರನ್ನು ಮರೆಯಬಾರದಂತೆ. ಅಪ್ಪನಿಗೆ ಪ್ರೀತಿಯ ಜೋಳದ ನುಚ್ಚನ್ನು ಅವತ್ತು ಮಾಡಿಟ್ಟಿದ್ದಳು. ಅವನಿಗೆ ಗುಟುಕು ಇಳಿಯುವತನಕ ತಾನೂ ಬಾಯಲ್ಲಿ ಏನೂ ಹಾಕುವುದಿಲ್ಲವೆಂದು ಹಟ ಹಿಡಿದಿದ್ದಳು. ಇದಾವುದೂ ಆಗ ನನಗೆ ಗೊತ್ತಿರಲಿಲ್ಲ.

ನಡುಹಗಲಿಗೆ ಅಪ್ಪನನ್ನು ಆಪರೇಶನ್ ಕೋಣೆಯಿಂದ ಹೊರಗೆ ತಂದರು. ಮಂಪರಿನಲ್ಲೇ ತುಟಿ ಚಪ್ಪರಿಸಿ, "ನಿಮ್ಮವ್ವ ನುಚ್ಚಿಗೆ ಉಪ್ಪ ಹಾಕೇ ಇಲ್ಲಲೋ" ಎಂದ. ಔಷಧದ ಅಮಲು ಎಂದುಕೊಂಡು ನಕ್ಕೆ. ಸಂಜೆ ಡಾಕ್ಟರು ಒಂದು ಚಮಚ ನೀರು ಬಿಟ್ಟರು. ನಾವೆಲ್ಲ ಉಸಿರು ಹಿಡಿದು ಅಪ್ಪನ ಗಂಟಲನ್ನೇ ನೋಡಿದೆವು. ಇಳಿಯಿತು! ಎರಡನೆಯದೂ ಇಳಿಯಿತು. ನಾನು ವಾರ್ಡಿನಲ್ಲೇ ಜೋರಾಗಿ ಅತ್ತುಬಿಟ್ಟೆ.

ನಮ್ಮ ಮನೆಯ ಪಕ್ಕ ಕಿರಾಣಿ ಅಂಗಡಿಯಿಟ್ಟಿದ್ದ ಖಾದರಸಾಬರಿಗೆ ಫೋನು ಹಚ್ಚಿದೆ. ಸುದ್ದಿ ಕೇಳಿದ್ದೇ ತಡ, "ಇವತ್ತ ಅಂಗಡ್ಯಾಗಿನ ಬೆಲ್ಲ ಓಣಿಗೆಲ್ಲಾ ಪುಕ್ಕಟ್ರೀ ಮಾಸ್ತರ!" ಎಂದು ಕೂಗಿದರು. ಅವ್ವ ಓಡಿ ಬಂದಳು. ಅಪ್ಪನ ಮಾತನ್ನು ತಮಾಷೆಗೆಂದು ಹೇಳಿದೆ. ಫೋನನ್ನು ಖಾದರಸಾಬರ ಕೈಗಿಟ್ಟು ಓಡಿದಳು. ಮನೆಗೆ ಹೋಗಿ ಬೋಗುಣಿಯನ್ನೇ ಅಂಗಡಿಗೆ ತಂದು, ನುಚ್ಚು ಬಾಯಿಗೆ ಹಾಕಿಕೊಂಡಳಂತೆ.

"ಅಯ್ಯ ಶಿವನ! ಖರೇನ ಉಪ್ಪ ಇಲ್ಲೋ ತಮ್ಮಾ."

ಮದುವೆಯಾದಂದಿನಿಂದ ಒಮ್ಮೆಯೂ ಉಪ್ಪು ಮರೆತವಳಲ್ಲ ಅವಳು. ರುಚಿಯನ್ನೂ ನೋಡಿರಲಿಲ್ಲವಾದ್ದರಿಂದ ಅವಳಿಗೇ ತಿಳಿದಿರಲಿಲ್ಲ.

ಕೆಲವು ದಿನ ಬಿಟ್ಟು ಮನೆಗೆ ಬಂದೆವು. ಅವ್ವ ನುಚ್ಚಿಗೆ ಮಜ್ಜಿಗೆ ಹಾಕಿ ತೆಳ್ಳಗೆ ಕಲಸಿ ಕೊಟ್ಟಳು. ಬಾಗಿಲಲ್ಲಿ ಓಣಿಯೇ ನೆರೆದಿತ್ತು. ಅಪ್ಪ ಗುಟುಕು ಗುಟುಕಾಗಿ ಬಟ್ಟಲು ಬರಿದು ಮಾಡಿದ.

"ಅವತ್ತ ಉಪ್ಪಿಲ್ಲದ್ದು ಹ್ಯಾಂಗ ಗೊತ್ತಾತಪ್ಪಾ?" ಎಂದು ಕೇಳಿದೆ.

"ಉಂಡಿದ್ನಲ್ಲೋ, ಅದಕ್ಕ."

ಎಲ್ಲಿ ಉಂಡ, ಯಾವ ಬಾಯಿಂದ ಉಂಡ, ನನಗೆ ಇಂದಿಗೂ ಬಗೆಹರಿದಿಲ್ಲ. ಅಪ್ಪನಿಗೆ ಆ ಚಿಂತೆಯೇ ಇರಲಿಲ್ಲ. ಖಾಲಿ ಬಟ್ಟಲನ್ನು ಅವ್ವನ ಮುಂದೆ ಚಾಚಿ, "ಇವತ್ತ ಉಪ್ಪ ಭಾಳ ಆಗೇತಿ ನೋಡು" ಎಂದ. "ಇರಲಿ, ಇನ್ನೊಂದೀಟು ಹಾಕು."