ವರ್ಷಕ್ಕೊಂದು ದಿನದ ವಜಾ

ನನ್ನ ಅಕ್ಕನ ಗಂಡ ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾರೆ. ನಾನು ಅಲ್ಲೇ ಇಸ್ತ್ರಿ ವಿಭಾಗದವನು. ಕಾರ್ಮಿಕರ ಸಂಘ ಕಟ್ಟಿದಾಗ ಭಾವ ಅಧ್ಯಕ್ಷರಾದರು, ನಾನು ಕಾರ್ಯದರ್ಶಿಯಾದೆ. ಕೈಬರಹ ಚೆನ್ನಾಗಿದೆ ಅನ್ನುವುದೊಂದೇ ನನ್ನ ಅರ್ಹತೆ.

ಸಂಘಕ್ಕೊಂದು ಸಂವಿಧಾನ ಬೇಕು ಅಂದಾಗ ಭಾವ ಅದನ್ನೂ ಬಾಯ್ಲರ್ ಥರವೇ ನೋಡಿದರು. "ಒಳ್ಳೆಯವ್ರೇ ನಡೆಸ್ತಾರೆ ಅಂತ ನಂಬ್ಕೊಂಡು ಯಾರೂ ಬಾಯ್ಲರ್ ಮಾಡಲ್ಲ ಕಣೋ. ನೋಡ್ಕೊಳ್ಳೋನು ನಿದ್ದೆ ಹೋದ್ರೂ, ಒತ್ತಡ ಜಾಸ್ತಿಯಾದ್ರೆ ವಾಲ್ವ್ ತಾನಾಗೇ ತೆರ್ಕೋಬೇಕು." ಅದಕ್ಕೇ, ಅರ್ಧಕ್ಕಿಂತ ಹೆಚ್ಚು ಕೈ ಎದ್ದರೆ ಅಧ್ಯಕ್ಷ ಇಳಿಯಬೇಕು, ಕಾರಣ ಬೇಡ ಅಂತ ಬರೆಸಿದರು. ಉಪಯೋಗಿಸದ ವಾಲ್ವ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ ಎಂದು ಇನ್ನೊಂದು ನಿಯಮವನ್ನೂ ಸೇರಿಸಿದರು: ತಪ್ಪು ಮಾಡಿರಲಿ ಬಿಡಲಿ, ವರ್ಷಕ್ಕೊಮ್ಮೆ ಅಧ್ಯಕ್ಷನನ್ನು ವಜಾ ಮಾಡಬೇಕು. ಮರುದಿನ ಮತ್ತೆ ಕೈ ಎತ್ತಿಸಿ ಅಧ್ಯಕ್ಷನನ್ನು ಆರಿಸಬೇಕು.

ಹನ್ನೊಂದು ವರ್ಷ ಅದೊಂದು ತಮಾಷೆಯಾಗಿತ್ತು. ವಜಾ ಆದ ದಿನ ಅಕ್ಕ ಭಾವನ ಕೈಲಿ ಮನೆಯ ಫ್ಯಾನೆಲ್ಲ ಒರೆಸಿಸುತ್ತಿದ್ದಳು. ಮರುದಿನ ಎಲ್ಲರ ಕೈಯೂ ಮೇಲೆ. ಭಾವ ಆ ಒಂದು ದಿನದ ಮಟ್ಟಿಗೆ ನನ್ನ ಹತ್ತಿರ ಬಿಟ್ಟಿದ್ದ ಸಂಘದ ಕೋಣೆಯ ಬೀಗದ ಕೈ ಇಸಿದುಕೊಂಡು, ಬಾಯ್ಲರಿಗಿರುವಂತೆ ಸಂಘಕ್ಕೂ ಇಟ್ಟಿದ್ದ ಪರೀಕ್ಷೆ ಪುಸ್ತಕದಲ್ಲಿ "ಕೆಲಸ ಮಾಡುತ್ತದೆ" ಎಂದು ಬರೆದು ಸಹಿ ಹಾಕುತ್ತಿದ್ದರು. ಆ ಬೀಗದ ಕೈ ಅಂದರೆ ಅವರಿಗೆ ಜೀವ. ಸ್ನಾನಕ್ಕೆ ಹೋದರೂ ಸೊಂಟದಲ್ಲೇ.

ಈಚೆಗೆ ವಾರದ ಸಭೆಯಲ್ಲಿ ಅವರೊಬ್ಬರದೇ ಮಾತು. ಬಟ್ಟೆ ಮಡಿಸುವ ಹೆಂಗಸೊಬ್ಬಳು ನೆಲ ಜಾರುತ್ತದೆ ಎಂದು ಮೂರು ಸಲ ಎದ್ದಳು. ಮೂರು ಸಲವೂ ಭಾವ, "ಗೊತ್ತಮ್ಮ, ಕೂತ್ಕೊಳ್ಳಿ" ಅಂದರು. ಮೂರು ಸಲವೂ ನಾನು "ಚರ್ಚಿಸಲಾಯಿತು" ಎಂದು ಮುದ್ದಾಗಿ ಬರೆದೆ. ಈಗ ನಾಚಿಕೆಯಾಗುತ್ತದೆ. ನಾಲ್ಕನೇ ವಾರ ಅವಳು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು.

ಹನ್ನೆರಡನೇ ವರ್ಷದ ವಜಾ ಎಂದಿನಂತೆ ಮುಗಿಯಿತು. ಮರುದಿನ ಭಾವ ಗರಿಗರಿ ಶರ್ಟು ಹಾಕಿಕೊಂಡು ಬಂದರು. ಅರವತ್ತು ಜನರಲ್ಲಿ ಒಂಬತ್ತು ಕೈ ಎದ್ದವು.

ಭಾವ ನನ್ನನ್ನೇ ನೋಡಿದರು. ನನ್ನ ಕೈ ತೊಡೆಯ ಮೇಲಿತ್ತು.

"ಕೈ ನೋವೇನೋ?"

"ಇಲ್ಲ, ಭಾವ."

ಆದರೂ ಕೈ ಎತ್ತಲಿಲ್ಲ. ಆಮೇಲೆ ಮಡಿಸುವಾಕೆಯನ್ನು ಯಾರೋ ಸೂಚಿಸಿದಾಗ ಎತ್ತಿದೆ. ಅವಳೇ ಗೆದ್ದಳು. ಬೀಗದ ಕೈಯನ್ನು ಅವಳಿಗೆ ಕೊಟ್ಟೆ.

ಭಾವ ಪರೀಕ್ಷೆ ಪುಸ್ತಕ ಎಳೆದುಕೊಂಡು "ಕೆಲಸ ಮಾಡುತ್ತದೆ" ಎಂದು ಬರೆದರು. ಅಭ್ಯಾಸಬಲದಿಂದ ಕೆಳಗೆ "ಅಧ್ಯಕ್ಷ" ಎಂದೂ ಬರೆದು, ಸ್ವಲ್ಪ ಹೊತ್ತು ನೋಡಿ, ಹೊಡೆದುಹಾಕಿದರು. ಪುಸ್ತಕವನ್ನು ಅವಳತ್ತ ತಳ್ಳಿದರು.

"ನೀವು ಸಹಿ ಹಾಕ್ಬೇಕಮ್ಮ."

ಅವಳ ಬಲಗೈ ಪ್ಲಾಸ್ಟರಿನಲ್ಲಿತ್ತು. ಅವಳು ಎಡಗೈಯಲ್ಲಿ ಸಹಿ ಹಾಕಿ ಮುಗಿಸುವವರೆಗೂ ಭಾವ ಪುಸ್ತಕ ಅಲುಗದಂತೆ ಹಿಡಿದುಕೊಂಡಿದ್ದರು.