ನದಿಯಲ್ಲಿ ಸವೇಲಿ ನಿಂತ ಮಧ್ಯಾಹ್ನ

ಪ್ರಿಯರೇ, ಡ್ಯಾನ್ಯೂಬ್ ನದಿ ಕಡಲು ಸೇರುವಲ್ಲಿ ಬದುಕುವ ಬೆಸ್ತ ಸವೇಲಿಯ ಸಂಗತಿಯನ್ನು ಮನಸ್ಸಿಟ್ಟು ಕೇಳಿ. ಅವನೇನೂ ಸಂತನಲ್ಲ, ಗಡ್ಡ ನೆರೆತ, ಮೊಂಡು ಸ್ವಭಾವದ, ಪ್ರಾರ್ಥನೆ ತಪ್ಪಿಸದ ಮನುಷ್ಯ.

ವಸಂತದಲ್ಲಿ, ಬೆಸ್ತರನ್ನು ಕಾಯುವ ಸಂತ ನಿಕೊಲಾಯನ ಹಬ್ಬದಂದು ಊರಿಗೆಲ್ಲ ಮೀನಿನ ಸಾರು ಬಡಿಸುವ ಸರದಿ ಪ್ರತಿ ವರ್ಷವೂ ಒಂದೊಂದು ದೋಣಿಯದು. ಹನ್ನೊಂದು ವರ್ಷಕ್ಕೊಮ್ಮೆ ಒದಗುವ ಆ ಮರ್ಯಾದೆ ಈ ಸಲ ಸವೇಲಿಯ ಪಾಲಿಗೆ ಬಂದಿತ್ತು. ಆದರೆ ನದಿ ಉಕ್ಕಿ ಹರಿಯುತ್ತಿತ್ತು. ಮೂರು ದಿನ ಬಲೆ ಹಾಕಿದರೂ ಬುಟ್ಟಿಯ ತಳ ಮುಚ್ಚುವಷ್ಟು ಸಣ್ಣ ಮೀನು ಮಾತ್ರ ಸಿಕ್ಕಿತ್ತು. ಹಬ್ಬದ ಹಿಂದಿನ ಸಂಜೆ ಇಗರ್ಜಿಯ ಗಂಟೆ ಬಾರಿಸಿದ ಮೇಲೆ ಯಾರೂ ಬಲೆ ಮುಟ್ಟುವಂತಿಲ್ಲ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಬಲೆಗೆ ಬೆಲುಗ ಸಿಕ್ಕಿತು. ಎರಡಾಳುದ್ದದ, ಸ್ಟರ್ಜನ್ ಜಾತಿಯ ಭಾರೀ ಮೀನು, ಹೊಟ್ಟೆ ತುಂಬ ಮೊಟ್ಟೆ. ಸವೇಲಿಯ ಯೌವನದಲ್ಲಿ ಒಂದು ವಸಂತಕ್ಕೆ ಇಪ್ಪತ್ತು ಸಿಗುತ್ತಿದ್ದವು. ಈಗ ಹತ್ತು ವರ್ಷಗಳಲ್ಲಿ ಅವನು ಕಂಡದ್ದು ಇದೊಂದೇ. ಹಿಡಿಯಬಾರದೆಂದು ಕಾನೂನೂ ಇತ್ತು. ಆದರೂ ಅವನ ಕೈ ಹಳೆಯ ಅಭ್ಯಾಸದಂತೆ, ದೋಣಿಗೆ ಕಟ್ಟಲೆಂದು, ಮೀನಿನ ಬಾಯಿಂದ ಕಿವಿರಿಗೆ ಹಗ್ಗ ಪೋಣಿಸಿಯೇಬಿಟ್ಟಿತು. ನೀರು ಕೆಂಪಾಯಿತು. ಆಗ ಅವನಿಗೆ ಎಚ್ಚರವಾಯಿತು.

ದೋಣಿಯಲ್ಲಿದ್ದ ಹೆಂಡತಿಯ ತಮ್ಮ ಫೆದೋತ ಹೇಳಿದ: "ಇದನ್ನೇನು ಮಾರ್ತೀವಾ ಭಾವ? ದೇವರ ಊಟಕ್ಕೆ ತಾನೆ. ನಿಕೊಲಾಯನೇ ಕಳ್ಸಿದಾನೆ ಅನ್ಕೋ."

"ಊಟಕ್ಕೆ ಅಂತ ಕಳ್ಸೋನು ಬಸುರೀನ ಕಳಿಸ್ತಿದ್ನೇನೋ?"

"ಮೀನಿನ ಬಸುರು ಕಾಣುತ್ತೆ ನಿಂಗೆ, ನಾಳೆ ಊರು ನಗೋದು ಕಾಣಲ್ಲ."

ಸವೇಲಿ ಹಗ್ಗ ಬಿಚ್ಚಿದ. ಬೆಲುಗ ಈಜಲಿಲ್ಲ, ಹೊಟ್ಟೆ ಮೇಲಾಗಿ ತೇಲಿತು. ಅದನ್ನು ಆಳ ಕಡಿಮೆಯಿದ್ದ ನೀರಿಗೆ ತಂದು, ತಾನೂ ಎದೆಮಟ್ಟ ಇಳಿದು, ಕಿವಿರಿನೊಳಗೆ ನೀರು ಹರಿಯುವಂತೆ ಅದರ ತಲೆಯನ್ನು ಪ್ರವಾಹಕ್ಕೆ ಎದುರಾಗಿ ಹಿಡಿದು ನಿಂತ. ಬಲೆ ಹಾಕುವ ಹೊತ್ತೆಲ್ಲ ಕಳೆಯುತ್ತಿದೆಯೆಂದು ಫೆದೋತ ಗೊಣಗಿದ, ಬೈದ, ಕಡೆಗೆ ಬೇಸತ್ತು ಬಾಲ ಹಿಡಿಯಲು ತಾನೂ ಇಳಿದ. ಗಂಟೆ ಬಾರಿಸಿದಾಗ ಕಿವಿರು ಆಡುತ್ತಿತ್ತು. ಮತ್ತೆ ಸ್ವಲ್ಪ ಹೊತ್ತಿಗೆ ಬೆಲುಗ ಒಮ್ಮೆ ಮೈ ಕೊಡವಿ, ಇಬ್ಬರನ್ನೂ ಕೆಡವಿ, ನದಿಯ ಮೇಲ್ಮುಖವಾಗಿ ಹೋಯಿತು.

ಹಬ್ಬದ ಸಾರು ತೆಳ್ಳಗಿತ್ತು, ಆಲೂಗಡ್ಡೆಯೇ ಹೆಚ್ಚು. ಮುದುಕಿ ಅಗಾಫ್ಯ ಬಟ್ಟಲಲ್ಲಿ ಚಮಚ ಆಡಿಸುತ್ತ, "ಸವೇಲಿ, ಮೀನು ಈಜೋಕೆ ಜಾಗ ಚೆನ್ನಾಗಿ ಬಿಟ್ಟಿದೀಯಪ್ಪ," ಎಂದಳು. ಊರೆಲ್ಲ ನಕ್ಕಿತು. ಮತ್ತೆ ಸರದಿ ಬರುವ ಹೊತ್ತಿಗೆ ತನಗೆ ಎಂಬತ್ತು ದಾಟಿರುತ್ತದೆಂದು ಸವೇಲಿಗೆ ಗೊತ್ತಿತ್ತು. ಅವನು ತಲೆ ಬಾಗಿಸಿ ಎರಡನೆಯ ಸಲ ಬಡಿಸಲು ಹೊರಟ.

ಪ್ರಿಯರೇ, ಅಂಥ ಜೀವವೊಂದು ನಿಮ್ಮ ಕೈಗೆ ಸಿಕ್ಕರೆ ನಗುವವರು ನಗಲಿ, ಬಿಟ್ಟುಬಿಡಿ. ಬಿಟ್ಟೆವೆಂದು ಬೆನ್ನು ತಿರುಗಿಸದೆ, ಅದು ತಾನಾಗಿ ಈಜುವ ತನಕ ನೀರಿನಲ್ಲಿ ನಿಂತು ಹಿಡಿದುಕೊಳ್ಳಿ.